ಮಾಲಿ ತಾತನ ಕತ್ತರಿ

ಶಾಲೆಯ ಮಾಲಿ ತಾತ ತಮ್ಮ ಕತ್ತರಿಯನ್ನು ಆ ಕಾಲೇಜು ಹುಡುಗಿಯ ಕೈಗಿಟ್ಟು, "ಇನ್ಮೇಲೆ ಇದು ನಿಂದೇ ಕಣಮ್ಮ, ನಾಳೆಯಿಂದ ನಾನು ಬರಲ್ಲ," ಅಂದರು. ಹಿಡಿಗೆ ಸುತ್ತಿದ್ದ ಬಟ್ಟೆ ಅವರ ಬೆರಳುಗಳ ಅಳತೆಗೆ ತಗ್ಗುಬಿದ್ದಿತ್ತು. ಅವಳ ಬೆರಳುಗಳು ಆ ತಗ್ಗುಗಳಲ್ಲಿ ಕೂರಲೇ ಇಲ್ಲ.

"ಯಾಕೆ ತಾತ?" ಎಂದು ಕೇಳುವಷ್ಟರಲ್ಲೇ ಅವಳಿಗೇ ಕಾರಣ ಅರ್ಥವಾಯಿತು. ಮರದಡಿಯಲ್ಲೇ ಪಾಠ ನಡೆಯುವ, ಬಡ ಮಕ್ಕಳೇ ಹೆಚ್ಚಿರುವ ಈ ಪುಟ್ಟ ಶಾಲೆ ಫೀಸು ಏರಿಸಲಿದೆ ಎಂದು ಗೊತ್ತಾದಾಗ, 'ತೋಟದ ಕೆಲಸವನ್ನೆಲ್ಲ ನಾವು ಕಾಲೇಜಿನ ಹತ್ತು ಜನ ಬಿಟ್ಟಿ ಮಾಡಿಕೊಡುತ್ತೇವೆ, ದಯವಿಟ್ಟು ಏರಿಸಬೇಡಿ' ಎಂದು ಪತ್ರ ಬರೆದವಳು ಅವಳೇ. ಶಾಲೆಯವರು ಒಪ್ಪಿಕೊಂಡಿದ್ದರು. ಆ ಕೆಲಸಕ್ಕೆ ಆಗಲೇ ಒಬ್ಬರಿದ್ದಾರೆ ಎಂಬುದು ಹತ್ತು ಬುದ್ಧಿವಂತ ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ.

"ನಾವು ಬರಲ್ಲ ಅಂತ ಈಗ್ಲೇ ಹೋಗಿ ಹೇಳ್ತೀನಿ," ಎಂದಳು.

"ಅಯ್ಯೋ, ಹಾಗೆ ಮಾತ್ರ ಮಾಡ್ಬೇಡ ತಾಯಿ. ನೀವು ಬರ್ಲಿಲ್ಲ ಅಂದ್ರೆ ಫೀಸು ಏರುತ್ತೆ. ನನ್ನ ಮೊಮ್ಮಗಳೂ ಇಲ್ಲೇ ಎರಡನೇ ಕ್ಲಾಸು. ನನ್ನ ಸಂಬಳ ಇದ್ರೂ ಅಷ್ಟು ಕಟ್ಟೋಕಾಗಲ್ಲ." ತಾತ ಬೇಲಿಯ ಗಿಡಗಳನ್ನು ತೋರಿಸಿದರು. "ಅದು ಬಿಡು. ಇದನ್ನ ಕತ್ತರಿಸೋ ಮುಂಚೆ ಒಳಗೆ ಕೈ ಹಾಕಿ ನೋಡ್ಬೇಕು. ಹಾಕು."

ಅವಳು ಮೊಣಕೈವರೆಗೂ ಎಲೆಗಳೊಳಗೆ ಕೈ ತೂರಿಸಿದಳು. ಬೆರಳ ತುದಿಗೆ ಒಣಹುಲ್ಲು ತಾಗಿತು, ಅದರ ನಡುವೆ ಎರಡು ಬೆಚ್ಚನೆಯ ಮೊಟ್ಟೆಗಳು.

"ಗೂಡಿದೆ ತಾತ."

"ಹಾಗಾದ್ರೆ ಅಲ್ಲಿಗೆ ಕತ್ತರಿ ಹಾಕ್ಬೇಡ," ತಾತ ಗೇಟಿನ ಕಡೆ ತಿರುಗುತ್ತ ಹೇಳಿದರು. "ಸಂಸಾರ ಇರೋ ಜಾಗ ಅದು."