ಜೋಡಿ ನಾಲಿಗೆ

ಧಾರವಾಡದಲ್ಲಿ ಮಧ್ಯಾಹ್ನ ಮೂರಾದರೆ ಜಪಾನಿನಲ್ಲಿ ರಾತ್ರಿಯೂಟದ ಹೊತ್ತು. ಹಾಗಾಗಿ ಫಕೀರಪ್ಪ ದಿನಾ ಮೂರರ ತನಕ ಹಸಿದು ಕೂಡುತ್ತಿದ್ದ. ಸಕ್ಕರೆ ಕಾಯಿಲೆಯವನಿಗೆ ಹಿತಮಿತದ ರುಚಿ ರೂಢಿಯಾಗಲೆಂದು ಡಾಕ್ಟರು ಅವನ ನಾಲಿಗೆಯನ್ನು ಅಲ್ಲಿನ ಹನಾಯೆ ಎಂಬಾಕೆಯ ನಾಲಿಗೆಗೆ ಜೋಡಿಸಿದ್ದರು. ಅವನು ತಿಂದದ್ದರ ರುಚಿ ಅವಳಿಗೆ, ಅವಳು ತಿಂದದ್ದು ಇವನಿಗೆ. ಊರಲ್ಲಿ ಮನೆಗೊಬ್ಬರು ಹೀಗಿದ್ದರು.

ಹೆಂಡತಿ ನೀಲವ್ವ ಬಡಿದ ರೊಟ್ಟಿ ಮುರಿಯುತ್ತ ಅವನು ಕಣ್ಣು ಮುಚ್ಚಿದ. "ಆಹಾ, ಹನಾಯೆ ಮನಿ ಸಾರಂದ್ರ ಸಾರು! ಎಣ್ಣಿಲ್ಲ, ಖಾರಿಲ್ಲ, ಎಷ್ಟ ಹಗರ!"

ರೊಟ್ಟಿ ಬಡಿಯುವ ಕೈ ತನ್ನದು, ಹೊಗಳಿಕೆ ಆ ಸವತಿಗೆ! ನೀಲವ್ವನ ಮೈ ಉರಿಯಿತು. ಆ ಹನಾಯೆಯ ನಾಲಿಗೆ ಸುಡಲಿ ಎಂದು ಗಂಡನ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕವನ್ನು ದಪ್ಪಗೆ ಮೆತ್ತಿದಳು. ಫಕೀರಪ್ಪ ಬೆವರುತ್ತ, ಸಾರನ್ನೇ ಹೊಗಳುತ್ತ ತಿಂದ.

ಊಟ ಮುಗಿಯುವ ಮೊದಲೇ ಗೋಡೆಯ ಪರದೆಯಲ್ಲಿ ಹನಾಯೆಯ ಗಂಡ ಕಾಣಿಸಿಕೊಂಡ. ಪರದೆ ಅವನ ಮಾತನ್ನು ಕನ್ನಡಕ್ಕೆ ತಿರುಗಿಸಿತು.

"ಏನು ಬಡಿಸಿದಿರಿ ನೀವು? ಕಣ್ಣೀರು ಸುರಿಸುತ್ತ ಇನ್ನೂ ಬೇಕು ಅನ್ನುತ್ತಿದ್ದಾಳೆ. ಮದುವೆಯಾದಾಗಿನಿಂದ ದಿನಾ ಸಾರು ಮಾಡಿ ಹಾಕುತ್ತಿರುವವನು ನಾನು. ಒಮ್ಮೆಯಾದರೂ ಹೀಗೆ ಅಂದಿದ್ದಾಳೆಯೇ!"

ನೀಲವ್ವ ಬೆರಗಾದಳು. "ಅಡಗಿ ನೀವ ಮಾಡ್ತೀರೇನ್ರಿ? ದಿನಾ?"

"ಮತ್ತಿನ್ಯಾರು?"

ನೀಲವ್ವ ಮೆಲ್ಲಗೆ ತನ್ನ ಗಂಡನತ್ತ ತಿರುಗಿದಳು. ಫಕೀರಪ್ಪ ಖಾಲಿ ತಾಟು ಮುಂದೆ ಚಾಚಿ, "ಇನ್ನೊಂದ ರೊಟ್ಟಿ ಹಾಕ" ಎಂದ.

ಇಷ್ಟು ದಿನ ಉರಿದದ್ದು ಏನೂ ಅಲ್ಲ. ಹನಾಯೆಯ ಮೇಲಿನ ಹೊಟ್ಟೆಕಿಚ್ಚು ನಿಜವಾಗಿ ಹೊತ್ತಿಕೊಂಡದ್ದು ಆಗ.