ಹೆಬ್ಬೆರಳಿನ ಸಹಿ

ಇಟಲಿಯ ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ತಾನು ಮಾಡಿದ ಹೂದಾನಿಗಳ ಮೇಲೆ ಅವನೆಂದೂ ಹೆಸರು ಬರೆದವನಲ್ಲ. ತಳದ ಹಸಿಮಣ್ಣಿಗೆ ಹೆಬ್ಬೆರಳು ಒತ್ತಿಬಿಡುತ್ತಿದ್ದ. ಅದೇ ಅವನ ಸಹಿ. ಅವನು ಸತ್ತು ಐವತ್ತು ವರ್ಷಗಳಾದ ಮೇಲೆ ಅವನ ಹೆಂಡತಿ ಒರ್ಸೊಲಾ, ಎದೆಯ ಭಾರ ಇಳಿಸಿಕೊಳ್ಳಲೆಂದು ಮ್ಯೂಸಿಯಮ್ಮಿಗೆ ಬಂದಳು.

"ಆ ನೀಲಿ ಹೂದಾನಿಯ ಮುಂದಿನ ಚೀಟಿಯಿಂದ ನನ್ನ ಗಂಡನ ಹೆಸರು ತೆಗೆದುಬಿಡು, ಮಗಳೇ. ಅದನ್ನ ಮಾಡಿದ್ದು ನಾನು, ಅವರು ಹೋದ ಮರುವರ್ಷ."

ಮ್ಯೂಸಿಯಮ್ಮಿನ ಪರೀಕ್ಷಕಿ ನಕ್ಕಳು. "ತಳದಲ್ಲಿ ಅವರ ಬೆರಳಿನ ಗುರುತಿದೆಯಲ್ಲಮ್ಮಾ?"

"ಹೆಂಡತಿ ಮಾತಿಗಿಂತ ಗಂಡನ ಬೆರಳೇ ದೊಡ್ಡದಾಯ್ತಾ ನಿಂಗೆ?"

ಮುದುಕಿ ಕರವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಸುಟ್ಟ ಮಣ್ಣಿನದೊಂದು ಹೆಬ್ಬೆರಳಿತ್ತು.

"ಹೂಳೋ ಮುಂಚೆ ಪ್ಲಾಸ್ಟರಿನಲ್ಲಿ ಅವರ ಬೆರಳಿನ ಅಚ್ಚು ತೆಗೆದಿಟ್ಟುಕೊಂಡೆ. ಅದರಲ್ಲಿ ಮಣ್ಣು ತುಂಬಿ, ಸುಟ್ಟು, ಇದನ್ನ ಮಾಡ್ದೆ. ಹೆಂಗಸು ಮಾಡಿದ್ದು ಅಂದ್ರೆ ಆಗ ಯಾರು ಮುಟ್ಟೋರು? ಇದನ್ನೇ ಒತ್ತಿದೆ. ಸುಳ್ಳು ಹೊತ್ತುಕೊಂಡು ಸಾಯಲಾರೆ. ನೀನೇ ಇಟ್ಟು ನೋಡು."

ಪರೀಕ್ಷಕಿ ಹೂದಾನಿಯನ್ನು ಬೋರಲು ಹಾಕಿ, ಮಣ್ಣಿನ ಬೆರಳನ್ನು ಗುರುತಿನೊಳಗಿಟ್ಟಳು. ಗೆರೆಗೆ ಗೆರೆ ಕೂಡಿಕೊಂಡು, ಕೂದಲೆಳೆಯಷ್ಟೂ ಆಚೀಚೆಯಾಗದೆ ಅದು ಕೂತಿತು.

"ನೋಡ್ದೆಯಾ? ಇನ್ನು ನಾನು ನೆಮ್ಮದಿಯಾಗಿ ಹೋಗ್ತೀನಿ," ಎಂದಳು ಒರ್ಸೊಲಾ.

ಪರೀಕ್ಷಕಿಯ ಮುಖ ಬಿಳಿಚಿಕೊಂಡಿತು.

"ಸುಟ್ಟರೆ ಮಣ್ಣು ಕುಗ್ಗುತ್ತಲ್ಲಮ್ಮಾ. ಈ ಬೆರಳು ಆಗಲೇ ಒಂದು ಸಲ ಕುಗ್ಗಿದ್ದು. ಇದನ್ನ ಒತ್ತಿದ್ದಾದ್ರೆ, ಆ ಗುರುತು ಹೂದಾನಿ ಸುಟ್ಟಾಗ ಮತ್ತೂ ಕುಗ್ಗಿ ಇದಕ್ಕಿಂತ ಚಿಕ್ಕದಾಗಿರಬೇಕು. ಅದರೊಳಗೆ ಇದು ಹಿಡಿಸಲೇಬಾರದು. ನಿಜವಾದ ಬೆರಳು ಒತ್ತಿದ ಗುರುತಾದ್ರೆ ಮಾತ್ರ ಒಂದೇ ಸಲ ಕುಗ್ಗಿ ಸರಿಯಾಗಿ ಇದರಷ್ಟೇ ಆಗುತ್ತೆ. ಇಲ್ಲಿ ಒತ್ತಿರೋದು ಅವರ ಬೆರಳೇ."