ಸಿದ್ದಾಪುರದ ಬ್ಯಾಕಪ್

ಸಿರ್ಸಿಯ ಆಫೀಸಿನ ಸರ್ವರಿನಲ್ಲಿ ಬೇಡದ ಫೈಲುಗಳನ್ನು ಅಳಿಸಹೋದ ಅಭಿಜ್ಞಾ, ಫೋಲ್ಡರಿನ ಹೆಸರು ತಪ್ಪಿ ಹೊಡೆದು, ಎರಡು ವರ್ಷ ಕೂತು ಬರೆದ ಪ್ರೋಗ್ರಾಮನ್ನೇ ಅಳಿಸಿಬಿಟ್ಟಿದ್ದಳು. ಗೊತ್ತಾದದ್ದು ಊಟ ಮುಗಿಸಿ ಬಂದ ಮೇಲೆ. ಸೋಮವಾರ ದಾಸನಕೊಪ್ಪದ ಸೊಸೈಟಿಯವರಿಗೆ ತೋರಿಸಬೇಕಾಗಿದ್ದದ್ದು ಅದನ್ನೇ.

ಬ್ಯಾಕಪ್ ಇಲ್ಲವೆಂದಲ್ಲ. ಸಿದ್ದಾಪುರದ ಮನೆಯಲ್ಲಿ, ತಮ್ಮ ಶಶಾಂಕನ ಕಂಪ್ಯೂಟರಿನಲ್ಲಿ ಇತ್ತು. ಆದರೆ ಸಿರ್ಸಿಯಲ್ಲಿ ಇದ್ದದ್ದು ಅಲ್ಲಿಯೂ ಇರಬೇಕು, ಇಲ್ಲಿ ಇಲ್ಲದ್ದು ಅಲ್ಲಿಯೂ ಇರಬಾರದು, ಗಳಿಗೆಗೊಮ್ಮೆ ಎರಡೂ ತಾಳೆಯಾಗುತ್ತಿರಬೇಕು ಎಂದು ಹೊಂದಿಸಿಟ್ಟವಳೂ ಅವಳೇ. ಆ ಕಂಪ್ಯೂಟರನ್ನು ಬಂದ್ ಮಾಡಬೇಡವೆಂದು ತಮ್ಮನನ್ನು ಬೈಯದ ದಿನವಿರಲಿಲ್ಲ. ಇವತ್ತೊಂದು ದಿನ ಅವನು ಸೋಮಾರಿತನ ಮಾಡಿ ಅದನ್ನು ಬಂದ್ ಇಟ್ಟಿರಲಿ ದೇವರೇ ಎಂದು ಹರಕೆ ಹೊತ್ತು ಫೋನು ಹಚ್ಚಿದಳು. ತಾನು ಮಾಡಿದ್ದನ್ನು ಹೇಳಲು ಮಾತ್ರ ಬಾಯಿ ಬರಲಿಲ್ಲ.

“ಶಶಾಂಕ, ನಿನ್ನ ಕಂಪ್ಯೂಟರ್ ಚಾಲೂ ಇದ್ದಾ?”

“ಇದ್ದಲೇ ಅಕ್ಕಾ. ಎಂತಕ್ಕೆ?”

“ಖರೇ ಹೇಳು. ಬಂದ್ ಮಾಡಿದ್ರೂ ಆನು ಬಯ್ತಿಲ್ಲೆ.”

“ಒಂದ್ ನಿಮಿಷನೂ ಬಂದ್ ಮಾಡಿದ್ನಿಲ್ಲೆ. ನಿನ್ನ ಮಾತು ಮೀರ್ತ್ನಾ?”

ಹಾಗಾದರೆ ಅಲ್ಲಿಯದೂ ಅಳಿಸಿಹೋಗಿರಬೇಕು. ಆದರೂ ಕಣ್ಣಾರೆ ನೋಡದೆ ಮನಸ್ಸು ಒಪ್ಪಲಿಲ್ಲ; ಸಿಕ್ಕಿದ ಬಸ್ಸು ಹತ್ತಿದಳು. ಕಾನಸೂರಿನಲ್ಲಿ ಡ್ರೈವರು ಚಹಾಕ್ಕೆ ಇಳಿದಾಗ ಅವಳಿಗೆ ಅವಸರವೂ ಆಗಲಿಲ್ಲ. ಹೋದದ್ದು ಹೋಗಿಯಾಗಿತ್ತಲ್ಲ.

ಮನೆಯಲ್ಲಿ ಕಂಪ್ಯೂಟರು ಗುಂಯ್ ಎನ್ನುತ್ತಿತ್ತು. ಅಡುಗೆಮನೆಯಿಂದ ಬಂದ ತಾಯಿ ಸೀತಮ್ಮ ಮಗಳನ್ನು ಕಂಡದ್ದೇ ದೂರು ಶುರುಮಾಡಿದರು. “ಮನೇಲಿ ಇಪ್ಪದು ಸಮಾ ಇದ್ದ ಪ್ಲಗ್ಗು ಒಂದೇ. ಮಿಕ್ಸರ್ ಹಚ್ಚವು ಅಂದ್ರೆ ಈ ಕಂಪ್ಯೂಟರ್ದು ತೆಗೆಯವು. ತೆಗೆದು ಒಂದ್ ವಾರಾತು, ಆರಾಮಿತ್ತು. ಮಧ್ಯಾಹ್ನ ನಿನ್ನ ಫೋನ್ ಬಂತು, ಇಂವ ಓಡಿಹೋಗಿ ಮತ್ತೆ ಹಚ್ಚಿದ.”

ಅಭಿಜ್ಞಾ ತಮ್ಮನ ಮುಖ ನೋಡಿದಳು. ಒಂದು ವಾರ. ಅವಳು ಫೋನಿನಲ್ಲಿ ಮಾತಾಡುತ್ತಿದ್ದಾಗಲೂ ಎಲ್ಲವೂ ಇದೇ ಪೆಟ್ಟಿಗೆಯೊಳಗೆ ಸುರಕ್ಷಿತವಾಗಿತ್ತು.

“ಬಯ್ಯಡ ಅಕ್ಕಾ,” ಎಂದು ಶಶಾಂಕ ಪರದೆಯನ್ನು ಅವಳ ಕಡೆ ತಿರುಗಿಸಿದ. “ವಾರದ್ದೆಲ್ಲ ಆನು ಒಂದೇ ಸಲಕ್ಕೆ ಸರಿ ಮಾಡಿಕ್ಕಿದ್ದಿ. ಸಿರ್ಸಿದೂ ಇದೂ ಎಳ್ಳಷ್ಟೂ ವ್ಯತ್ಯಾಸ ಇಲ್ಲೆ.”

ಆಗ ಅವಳು ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದಳು. ಶಶಾಂಕ ಒಂದು ಫೋಲ್ಡರು ತೆರೆದ, ಇನ್ನೊಂದು ತೆರೆದ, ಆಮೇಲೆ ಮೌಸಿನಿಂದ ಕೈ ತೆಗೆದ. ಅಕ್ಕ ತಮ್ಮ ಇಬ್ಬರೂ ಖಾಲಿ ಫೋಲ್ಡರಿನ ಬಿಳಿ ಪರದೆಯನ್ನೇ ನೋಡುತ್ತ ಕೂತರು.

ಸೀತಮ್ಮ ಇಬ್ಬರಿಗೂ ಚಹಾ ತಂದಿಟ್ಟು, ಬಗ್ಗಿ ತಾವೂ ನೋಡಿದರು.

“ಎರಡೂ ಒಂದೇ ನಮೂನೆ ಇದ್ದಡಲ್ದಾ? ಮತ್ತೆ ನಿಂಗ ಇಬ್ರೂ ಎಂತಕ್ಕೆ ಹಿಂಗೆ ಮೋರೆ ಸಣ್ಣ ಮಾಡ್ಕಂಡು ಕುಂತಿದ್ರಿ?”